ಎಕ್ಕದ ಪಕ್ಕ ಸಣ್ಣ ಎಲೆ: ಲಿಮಿಟ್ ಹೋಲ್ಡೆಮ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೋಲ್ಡೆಮ್ (ಕೈಗೆ ಎರಡು ಎಲೆ, ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ ಇರುವ ಪೋಕರ್) ಕಲಿಯುತ್ತಿರುವವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ ಸುತ್ತ ಸುತ್ತುತ್ತವೆ. ಕೈಯಲ್ಲಿ ಎಕ್ಕ ಇದೆ, ಪಕ್ಕದಲ್ಲಿರುವುದು ಸಣ್ಣ ಎಲೆ, ಆಡಬೇಕಾ, ಬಿಡಬೇಕಾ? ಇಲ್ಲಿ ಹೇಳಿರುವುದೆಲ್ಲ ಲಿಮಿಟ್ ಆಟಕ್ಕೆ, ಅದರಲ್ಲೂ ಒಂಬತ್ತು ಹತ್ತು ಜನ ಕೂರುವ ಕಡಿಮೆ ಬಾಜಿಯ ಟೇಬಲ್‌ಗೆ. ಉದಾಹರಣೆಗಳಿಗೆಲ್ಲ 4/8 ಡಾಲರ್ ಆಟವನ್ನೇ ಇಟ್ಟುಕೊಂಡಿದ್ದೇನೆ. ಕ್ಯಾಲಿಫೋರ್ನಿಯಾದ ಕಾರ್ಡ್ ರೂಮ್‌ಗಳಲ್ಲಿ ಇಂಥ ಆಟ ಸಾಮಾನ್ಯ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿರುವ ಕನ್ನಡಿಗರಿಗೆ ಸುಲಭವಾಗಿ ಸಿಗುವುದೂ ಇದೇ.

ವೀಕ್ ಏಸ್ ಅಂದರೆ ಯಾವ ಎಲೆಗಳು?

ಎಕ್ಕದ ಜೊತೆ 2ರಿಂದ 9ರವರೆಗಿನ ಯಾವುದೇ ಎಲೆ. ಎಕ್ಕ-10 ಗಡಿಯಲ್ಲಿ ನಿಲ್ಲುತ್ತದೆ. ಕೆಲವರು ಅದನ್ನೂ ಇದೇ ಗುಂಪಿಗೆ ಸೇರಿಸುತ್ತಾರೆ, ನಾನು ಸೇರಿಸುವುದಿಲ್ಲ. ಅದಕ್ಕೆ ಮೇಲಿನ ಸ್ಟ್ರೇಟ್ (ಸಾಲಾಗಿ ಐದು ಎಲೆ, ಇಲ್ಲಿ 10ರಿಂದ ಎಕ್ಕದವರೆಗೆ) ಆಗುವ ದಾರಿ ಇದೆ.

ಎರಡು ಎಲೆ ಹಂಚಿದಾಗ ಒಟ್ಟು 1,326 ಜೋಡಣೆಗಳು ಸಾಧ್ಯ. ಅದರಲ್ಲಿ 128 ಈ ವೀಕ್ ಏಸ್‌ಗಳು. ಅಂದರೆ ಹೆಚ್ಚು ಕಡಿಮೆ ಹತ್ತು ಸಲಕ್ಕೊಂದು ಸಲ ಈ ಪ್ರಶ್ನೆ ನಿಮ್ಮ ಮುಂದೆ ಬಂದು ನಿಲ್ಲುತ್ತದೆ. ಆ 128ರಲ್ಲಿ 96 ಬೇರೆ ಬೇರೆ ಗುರುತಿನವು. ಎರಡೂ ಎಲೆ ಒಂದೇ ಗುರುತಿನದಾಗಿರುವ ಸೂಟೆಡ್ ಕೈಗಳು ಬರೀ 32. ಈ ಎರಡು ಗುಂಪುಗಳನ್ನು ಒಂದೇ ಅಂತ ಭಾವಿಸಿದರೆ ಅಲ್ಲಿಂದಲೇ ದುಡ್ಡು ಸೋರಲು ಶುರುವಾಗುತ್ತದೆ.

ಲಿಮಿಟ್ ಆಟ ಅಂದರೆ ಏನು? ಟಿವಿಯಲ್ಲಿ ನೋಡುವ ಆಟಕ್ಕಿಂತ ಹೇಗೆ ಬೇರೆ?

ಟಿವಿಯಲ್ಲಿ ಬರುವುದು ಬಹುಪಾಲು ನೋ-ಲಿಮಿಟ್. ಅಲ್ಲಿ ಯಾವ ಹೊತ್ತಿನಲ್ಲಾದರೂ ಮುಂದಿರುವ ಚಿಪ್ಸ್ ಪೂರ್ತಿ ತಳ್ಳಬಹುದು. ಲಿಮಿಟ್‌ನಲ್ಲಿ ಹಾಗಿಲ್ಲ, ಬಾಜಿಯ ಮೊತ್ತ ಮೊದಲೇ ಗೊತ್ತು. 4/8 ಆಟದಲ್ಲಿ ಬ್ಲೈಂಡ್‌ಗಳು, ಅಂದರೆ ಎಲೆ ನೋಡುವ ಮುಂಚೆಯೇ ಇಬ್ಬರು ಹಾಕಲೇಬೇಕಾದ ದುಡ್ಡು, 2 (ಸ್ಮಾಲ್ ಬ್ಲೈಂಡ್) ಮತ್ತು 4 ಡಾಲರ್ (ಬಿಗ್ ಬ್ಲೈಂಡ್); ಹಾಕುವವರನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಫ್ಲಾಪ್‌ಗೆ (ಮಧ್ಯಕ್ಕೆ ಬೀಳುವ ಮೊದಲ ಮೂರು ಎಲೆಗಳಿಗೆ) ಮುಂಚೆ ಮತ್ತು ಫ್ಲಾಪ್‌ನಲ್ಲಿ ಬೆಟ್ (ಬಾಜಿ) ಆದರೂ ರೇಸ್ (ಅದನ್ನು ಏರಿಸುವುದು) ಆದರೂ 4 ಡಾಲರ್ ಲೆಕ್ಕದಲ್ಲೇ. ಟರ್ನ್ (ನಾಲ್ಕನೆಯ ಎಲೆ) ಮತ್ತು ರಿವರ್‌ನಲ್ಲಿ (ಐದನೆಯ ಎಲೆ) 8 ಡಾಲರ್ ಲೆಕ್ಕ. ಎಷ್ಟೋ ಕಡೆ ಒಂದು ಸುತ್ತಿನಲ್ಲಿ ಒಂದು ಬೆಟ್, ಮೂರು ರೇಸ್ ಆದ ಮೇಲೆ ಮುಗಿಯಿತು, ಮತ್ತೆ ಏರಿಸುವಂತಿಲ್ಲ.

ಇದರಿಂದ ಆಗುವುದು ಎರಡು. ಒಂದೇ ಕೈಯಲ್ಲಿ ಜೇಬು ಖಾಲಿ ಆಗುವುದಿಲ್ಲ. ಆದರೆ ಎದುರಿನವರನ್ನು ಹೆದರಿಸಿ ಓಡಿಸುವುದೂ ಆಗುವುದಿಲ್ಲ. ಪಾಟ್‌ನಲ್ಲಿ, ಅಂದರೆ ಗೆದ್ದವರಿಗೆ ಹೋಗುವ ಮಧ್ಯದ ದುಡ್ಡಿನಲ್ಲಿ, 40 ಡಾಲರ್ ಬಿದ್ದಿರುವಾಗ 8 ಡಾಲರ್ ಬೆಟ್ ನೋಡಿ ಯಾರು ಓಡುತ್ತಾರೆ ಹೇಳಿ? ಹಾಗಾಗಿ ಲಿಮಿಟ್‌ನಲ್ಲಿ ಕೊನೆಗೆ ಎಲೆ ತೋರಿಸುವ ಸಂದರ್ಭ ಜಾಸ್ತಿ. ಎಲೆ ತೋರಿಸಬೇಕಾದಾಗ ಕಿಕ್ಕರ್, ಅಂದರೆ ಜೋಡಿ ಸಮವಾದಾಗ ಗೆಲುವು ತೀರ್ಮಾನಿಸುವ ಪಕ್ಕದೆಲೆ, ಮಾತಾಡುತ್ತದೆ.

ಎಕ್ಕ ಎಲ್ಲಕ್ಕಿಂತ ದೊಡ್ಡ ಎಲೆ ಅಲ್ವಾ? ಅದನ್ನು ಬಿಡಿ ಅಂತ ಯಾಕೆ ಹೇಳುತ್ತೀರಿ?

ಎಕ್ಕ ದೊಡ್ಡದು ಅನ್ನುವುದು ನಿಮಗೆ ಗೊತ್ತಿರುವಷ್ಟೇ ಟೇಬಲ್‌ನಲ್ಲಿರುವ ಉಳಿದವರಿಗೂ ಗೊತ್ತು. ಕಷ್ಟ ಇರುವುದು ಅಲ್ಲೇ. ಎಕ್ಕ ಹಿಡಿದವರು ಯಾರೂ ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ನಿಮ್ಮ ಎಕ್ಕಕ್ಕೆ ಎದುರಾಗುವುದು ಬಹಳ ಸಲ ಇನ್ನೊಂದು ಎಕ್ಕವೇ, ಅದೂ ಪಕ್ಕದಲ್ಲಿ ದೊಡ್ಡ ಎಲೆ ಇರುವ ಎಕ್ಕ.

ನಿಮ್ಮದು ಎಕ್ಕ-7, ಎದುರಿನವರದು ಎಕ್ಕ-ರಾಜ ಅಂದುಕೊಳ್ಳಿ. ಐದೂ ಎಲೆ ಬೀಳುವ ಹೊತ್ತಿಗೆ ಪಾಟ್‌ನ ಮುಕ್ಕಾಲು ಪಾಲು, ಹತ್ತಿರ ಹತ್ತಿರ 73%, ಅವರದು. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಿಜವಾದ ಪೆಟ್ಟು ಬೀಳುವುದು ಫ್ಲಾಪ್‌ನಲ್ಲಿ ಎಕ್ಕ ಬಂದಾಗ. ನಿಮಗೂ ಎಕ್ಕದ ಜೋಡಿ, ಅವರಿಗೂ ಎಕ್ಕದ ಜೋಡಿ. ನೀವು ಖುಷಿಯಾಗಿ ದುಡ್ಡು ಹಾಕುತ್ತೀರಿ. ಆದರೆ ನಿಮ್ಮನ್ನು ಉಳಿಸಬಲ್ಲದ್ದು ಕಟ್ಟಿನಲ್ಲಿ ಉಳಿದಿರುವ ಮೂರು 7ಗಳು ಮಾತ್ರ.

ಡಾಲರ್ ಲೆಕ್ಕದಲ್ಲೇ ನೋಡಿ. ಅವರು ರೇಸ್ ಮಾಡಿದ್ದಕ್ಕೆ 8, ಫ್ಲಾಪ್‌ನಲ್ಲಿ 4, ಟರ್ನ್‌ನಲ್ಲಿ 8, ರಿವರ್‌ನಲ್ಲಿ 8. ಒಟ್ಟು 28 ಡಾಲರ್ ಹೋಯಿತು. ಈಗ ಇನ್ನೊಂದು ಮಗ್ಗುಲು ನೋಡಿ. ಎಕ್ಕ ಬಿತ್ತು, ಬೇರೆ ಯಾರ ಹತ್ತಿರವೂ ಎಕ್ಕ ಇಲ್ಲ. ನೀವು 4 ಡಾಲರ್ ಬೆಟ್ ಮಾಡಿದಿರಿ, ಎಲ್ಲರೂ ಎಲೆ ಕೆಳಗಿಟ್ಟರು. ಸಿಕ್ಕಿದ್ದು ಫ್ಲಾಪ್‌ಗೆ ಮುಂಚೆ ಬಿದ್ದಿದ್ದ ಪುಡಿಗಾಸು ಮಾತ್ರ. ಗೆದ್ದಾಗ ಸ್ವಲ್ಪ, ಸೋತಾಗ ಜಾಸ್ತಿ. ವೀಕ್ ಏಸ್‌ನ ಕಥೆಯೆಲ್ಲ ಇಷ್ಟೇ. ಉಳಿದ ಪ್ರಶ್ನೆಗಳೆಲ್ಲ ಇದನ್ನು ಯಾವಾಗ, ಹೇಗೆ ತಿರುಗಿಸಬಹುದು ಅನ್ನುವುದರ ಬಗ್ಗೆಯೇ.

ಬೇರೆಯವರ ಕೈಯಲ್ಲಿ ಎಕ್ಕ ಇರುವ ಸಾಧ್ಯತೆ ಎಷ್ಟು?

ನಿಮ್ಮ ಹತ್ತಿರ ಒಂದು ಎಕ್ಕ ಇದ್ದರೆ ಉಳಿದದ್ದು ಮೂರು. ಹತ್ತು ಜನರ ಟೇಬಲ್‌ನಲ್ಲಿ ಬೇರೆ ಯಾರಾದರೊಬ್ಬರಿಗೆ ಎಕ್ಕ ಬಂದಿರುವ ಸಾಧ್ಯತೆ ಸುಮಾರು 75%. ಒಂಬತ್ತು ಜನರಿದ್ದರೆ 70% ಹತ್ತಿರ. ಆರು ಜನರಿದ್ದರೆ ಹೆಚ್ಚು ಕಡಿಮೆ ಅರ್ಧಕ್ಕರ್ಧ. ಎಲ್ಲರೂ ಬಿಟ್ಟು ನಿಮ್ಮ ಎದುರು ಎರಡು ಬ್ಲೈಂಡ್‌ಗಳು ಮಾತ್ರ ಉಳಿದಿದ್ದರೆ ಬರೀ 22-23%. ಮೊದಲು ಆಡಿದವರು ಎಲೆ ಬಿಟ್ಟಿರುವುದರಿಂದ, ಅಂದರೆ ಅವರ ಹತ್ತಿರ ಎಕ್ಕ ಇರಲಿಕ್ಕಿಲ್ಲವಾದ್ದರಿಂದ, ಈ ಕೊನೆಯ ಅಂಕಿ ನಿಜದಲ್ಲಿ ಸ್ವಲ್ಪ ಮೇಲಕ್ಕೇ ಇರುತ್ತದೆ.

ಅವರ ಹತ್ತಿರ ಎಕ್ಕ ಇದ್ದೇ ಇದೆ ಅಂದುಕೊಳ್ಳೋಣ. ನಿಮ್ಮ ಕಿಕ್ಕರ್ 9 ಆದರೆ ಅವರ ಪಕ್ಕದೆಲೆ ಅದಕ್ಕಿಂತ ದೊಡ್ಡದಾಗಿರುವ ಸಾಧ್ಯತೆ ಮೂರರಲ್ಲೊಂದು ಪಾಲು. 7 ಆದರೆ ಅರ್ಧ. 2 ಆದರೆ 94%. ಇದು ಎಕ್ಕ ಬಂದವರೆಲ್ಲ ಆಡುತ್ತಾರೆ ಅಂತ ಹಿಡಿದ ಲೆಕ್ಕ. ರೇಸ್ ಮಾಡಿ ಬಂದವರ ವಿಷಯದಲ್ಲಿ ಇದನ್ನು ಬಳಸಬೇಡಿ. ಅವರು ಎಕ್ಕ-4 ಹಿಡಿದು ಮೊದಲ ಸೀಟಿನಿಂದ ರೇಸ್ ಮಾಡಿರುವುದಿಲ್ಲ.

ತೀನ್ ಪತ್ತಿಯಲ್ಲಿ ಎಕ್ಕ ಬಂದರೆ ಆರಾಮಾಗಿ ಆಡುತ್ತೇವೆ. ಇಲ್ಲಿ ಯಾಕೆ ಆಗುವುದಿಲ್ಲ?

ನಮ್ಮ ಕಡೆ ದೀಪಾವಳಿ ಹೊತ್ತಿಗೆ ಮೂರೆಲೆ ಆಡಿ ಅಭ್ಯಾಸ ಇರುವವರಿಗೆ ಈ ಪ್ರಶ್ನೆ ಬರುವುದು ಸಹಜ. ಮೂರೇ ಎಲೆ ಹಂಚಿದಾಗ ಸುಮಾರು 74% ಸಲ ಜೋಡಿ ಕೂಡ ಆಗುವುದಿಲ್ಲ, ಬರೀ ದೊಡ್ಡೆಲೆಯ ಮೇಲೆ ಆಟ ತೀರ್ಮಾನವಾಗುತ್ತದೆ. ಅಲ್ಲಿ ಎಕ್ಕಕ್ಕೆ ನಿಜವಾಗಿಯೂ ಬೆಲೆ ಇದೆ. ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬರೂ ಏಳು ಎಲೆಗಳಿಂದ ಐದನ್ನು ಆರಿಸಿಕೊಳ್ಳುತ್ತಾರೆ. ಏಳು ಎಲೆ ಬಂದಾಗ ಜೋಡಿಯೂ ಆಗದೆ ಉಳಿಯುವುದು ಸುಮಾರು 17% ಸಲ ಮಾತ್ರ. ಐದಾರು ಜನ ಒಳಗಿದ್ದರೆ ಬರೀ ಎಕ್ಕದಿಂದ ಗೆಲ್ಲುವ ಆಸೆ ಇಟ್ಟುಕೊಳ್ಳಬಾರದು. ಆ ಆಟದ ಮನಸ್ಸನ್ನು ಈ ಟೇಬಲ್‌ಗೆ ತಂದರೆ ದುಡ್ಡು ಹೋಗುತ್ತದೆ.

ಕಿಕ್ಕರ್ ಯಾವಾಗ ಲೆಕ್ಕಕ್ಕೆ ಬರುತ್ತದೆ, ಯಾವಾಗ ಬರುವುದಿಲ್ಲ?

ಐದು ಎಲೆಯ ಕೈಯಲ್ಲಿ ಅದಕ್ಕೆ ಜಾಗ ಸಿಕ್ಕರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಟೇಬಲ್ ಮೇಲೆ ಎಕ್ಕ, ರಾಜ, ರಾಣಿ, 9, 4 ಬಿದ್ದಿವೆ, ಫ್ಲಶ್ (ಒಂದೇ ಗುರುತಿನ ಐದು ಎಲೆ) ಸಾಧ್ಯತೆ ಇಲ್ಲ ಅಂದುಕೊಳ್ಳಿ. ನಿಮ್ಮದು ಎಕ್ಕ-7. ನಿಮ್ಮ ಐದು ಎಲೆ: ಎಕ್ಕ, ಎಕ್ಕ, ರಾಜ, ರಾಣಿ, 9. ನಿಮ್ಮ 7 ಆಟದಲ್ಲೇ ಇಲ್ಲ. ಎದುರಿನವರದು ಎಕ್ಕ-3 ಆದರೂ ಎಕ್ಕ-8 ಆದರೂ ಅವರ ಐದು ಎಲೆಯೂ ಇದೇ. ಪಾಟ್ ಎರಡು ಪಾಲಾಗುತ್ತದೆ. ಆದರೆ ಅವರದು ಎಕ್ಕ-10 ಅಥವಾ ಎಕ್ಕ-ಗುಲಾಮ ಆದರೆ ಆ ಎಲೆ 9ನ್ನು ಹೊರಗೆ ತಳ್ಳುತ್ತದೆ, ಗೆಲುವು ಅವರದು. ಎಕ್ಕ-ರಾಜ, ಎಕ್ಕ-ರಾಣಿ, ಎಕ್ಕ-9, ಎಕ್ಕ-4 ಇದ್ದರೆ ಎರಡು ಜೋಡಿ.

ಟೇಬಲ್ ಮೇಲೆ ದೊಡ್ಡ ಎಲೆಗಳು ಬಿದ್ದಷ್ಟೂ ಸಣ್ಣ ಕಿಕ್ಕರ್‌ನವರಿಗೆ ಪಾಟ್ ಹಂಚಿಕೊಂಡು ಪಾರಾಗುವ ಅವಕಾಶ ಹೆಚ್ಚುತ್ತದೆ. ಎಕ್ಕ, 6, 4, 3, 2 ಥರ ಸಣ್ಣ ಎಲೆಗಳೇ ಬಿದ್ದರೆ 7ಕ್ಕೂ 8ಕ್ಕೂ ಇರುವ ವ್ಯತ್ಯಾಸವೇ ಪಾಟ್ ಯಾರದು ಅಂತ ತೀರ್ಮಾನಿಸಬಹುದು, ಅಲ್ಲಿ 5 ಹಿಡಿದವರು ಸ್ಟ್ರೇಟ್ ಮಾಡಿಕೊಂಡಿಲ್ಲ ಅಂದರೆ. ರಿವರ್ ಬಿದ್ದ ಮೇಲೆ ಬೆಟ್ ಮಾಡುವ ಮುಂಚೆ ಒಂದು ಕ್ಷಣ ನಿಂತು ನಿಮ್ಮ ಐದು ಎಲೆಗಳನ್ನು ಮನಸ್ಸಿನಲ್ಲೇ ಜೋಡಿಸಿ ನೋಡಿ.

ಮೊದಲ ಸೀಟುಗಳಲ್ಲಿ ಕೂತಾಗ ಎಕ್ಕ-8, ಎಕ್ಕ-9 ಆಡಬಹುದಾ?

ಬೇರೆ ಬೇರೆ ಗುರುತಿನವಾದರೆ ಬೇಡ. ನಿಮ್ಮ ಹಿಂದೆ ಏಳೆಂಟು ಜನ ಇನ್ನೂ ಎಲೆ ನೋಡುವುದಿದೆ.

ಸೂಟೆಡ್ ಆದರೆ ಕಥೆ ಬದಲಾಗುತ್ತದಾ?

ಬದಲಾಗುತ್ತದೆ, ಆದರೆ ಜನ ಅಂದುಕೊಳ್ಳುವ ಕಾರಣಕ್ಕಲ್ಲ. ಒಬ್ಬರ ಎದುರು ಒಬ್ಬರು ಆಡಿದರೆ ಸೂಟೆಡ್ ಆಗಿರುವುದರಿಂದ ಗೆಲುವಿನ ಪ್ರಮಾಣ ಏರುವುದು 2-3% ಮಾತ್ರ. ಫ್ಲಾಪ್‌ನಲ್ಲೇ ಫ್ಲಶ್ ಪೂರ್ತಿ ಸಿಗುವುದು 1%ಗಿಂತ ಕಡಿಮೆ. ಫ್ಲಶ್‌ಗೆ ಇನ್ನೊಂದೇ ಎಲೆ ಬೇಕು ಅನ್ನುವ ಸ್ಥಿತಿ ಬರುವುದು ಸುಮಾರು 11% ಸಲ. ಅಲ್ಲಿಂದ ರಿವರ್ ಹೊತ್ತಿಗೆ ಫ್ಲಶ್ ಆಗುವುದು 35% ಸಲ.

ಹಾಗಾದರೆ ಲಾಭ ಎಲ್ಲಿಂದ? ಜನರಿಂದ. ನೀವು ಮಾಡುವುದು ಎಕ್ಕದ ಫ್ಲಶ್. ಟೇಬಲ್ ಮೇಲೆ ಜೋಡಿ ಬೀಳದಿದ್ದರೆ ಸಾಮಾನ್ಯವಾಗಿ ಅದನ್ನು ಮೀರಿಸುವ ಕೈ ಇರುವುದಿಲ್ಲ. ಕಡಿಮೆ ಬಾಜಿಯ ಲಿಮಿಟ್ ಟೇಬಲ್‌ನಲ್ಲಿ ರಾಜನ ಫ್ಲಶ್, ಸ್ಟ್ರೇಟ್, ಎರಡು ಜೋಡಿ ಹಿಡಿದವರೆಲ್ಲ ಕೊನೆಯವರೆಗೂ ದುಡ್ಡು ಕೊಡುತ್ತಾ ಬರುತ್ತಾರೆ. ಬೇರೆ ಬೇರೆ ಗುರುತಿನ ಎಕ್ಕ-4ಕ್ಕೆ ಜನ ಜಾಸ್ತಿ ಆದಷ್ಟೂ ಕಷ್ಟ. ಸೂಟೆಡ್ ಎಕ್ಕ-4ಕ್ಕೆ ಜನ ಜಾಸ್ತಿ ಆದಷ್ಟೂ ಸುಖ. ಇವೆರಡೂ ಒಂದಕ್ಕೊಂದು ತದ್ವಿರುದ್ಧ ಅನ್ನುವುದು ತಲೆಯಲ್ಲಿ ಕೂತರೆ ಅರ್ಧ ಕೆಲಸ ಆದ ಹಾಗೆ.

ಲೆಕ್ಕ ಹೀಗಿದೆ. ಐದು ಜನ ತಲಾ 4 ಡಾಲರ್ ಹಾಕಿ ಫ್ಲಾಪ್ ನೋಡಿದರು, ಪಾಟ್‌ನಲ್ಲಿ 20. ನಿಮ್ಮದು ಹಾರ್ಟ್ ಎಕ್ಕ, ಹಾರ್ಟ್ 4. ಫ್ಲಾಪ್‌ನಲ್ಲಿ ಎರಡು ಹಾರ್ಟ್ ಬಿದ್ದವು. ಒಬ್ಬರು 4 ಬೆಟ್ ಮಾಡಿದರು, ಇಬ್ಬರು ಕಾಲ್ ಮಾಡಿದರು (ಏರಿಸದೆ ಅಷ್ಟೇ ಹಾಕಿದರು). ಪಾಟ್ 32 ಆಯಿತು, ನೀವು ಹಾಕಬೇಕಾದದ್ದು 4. ಅಂದರೆ ಒಂದಕ್ಕೆ ಎಂಟು. ಮುಂದಿನ ಎಲೆಯಲ್ಲೇ ಫ್ಲಶ್ ಆಗಲು ನಿಮಗೆ ಬೇಕಿರುವುದು ಒಂದಕ್ಕೆ 4.2ರಷ್ಟು ಮಾತ್ರ. ಯೋಚನೆ ಮಾಡುವಂಥದ್ದೇ ಇಲ್ಲ. ಇಂಥ ಜಾಗದಲ್ಲಿ ರೇಸ್ ಮಾಡುವುದೂ ಒಳ್ಳೆಯದೇ. ಮೂರು ಜನ ನಿಮ್ಮ 4ಕ್ಕೆ ತಲಾ 4 ಸೇರಿಸುತ್ತಾರೆ, ನೀವು ಗೆಲ್ಲುವುದು ಮೂರರಲ್ಲಿ ಒಂದು ಸಲಕ್ಕಿಂತ ಸ್ವಲ್ಪ ಜಾಸ್ತಿ.

ಆದರೆ ಇದೇ ಸೂಟೆಡ್ ಕೈ ಹಿಡಿದು, ಎದುರಿಗೆ ರೇಸ್ ಮಾಡಿದವರೊಬ್ಬರೇ ಇದ್ದಾಗ, ಸುಮ್ನೆ ಕಾಲ್ ಮಾಡಿ ಹೋಗಬೇಡಿ. ಅಲ್ಲಿ ಫ್ಲಶ್‌ಗೆ ಸಿಗುವ ಬೆಲೆ ಇಲ್ಲ, ಡಾಮಿನೇಷನ್ (ದೊಡ್ಡ ಕಿಕ್ಕರ್ ಇರುವ ಎಕ್ಕ ಎದುರಾಗುವುದು) ಅಪಾಯ ಮಾತ್ರ ಹಾಗೇ ಇದೆ.

ಎಕ್ಕ-5 ಸೂಟೆಡ್ ಒಳ್ಳೆಯದಾ, ಎಕ್ಕ-7 ಸೂಟೆಡ್ ಒಳ್ಳೆಯದಾ?

ಹೆಚ್ಚು ಜನ ಇರುವ ಪಾಟ್‌ನಲ್ಲಿ ನಾನು ಎಕ್ಕ-5 ಆರಿಸಿಕೊಳ್ಳುತ್ತೇನೆ. ಎಕ್ಕ, 2, 3, 4, 5 ಸೇರಿದರೆ ಸ್ಟ್ರೇಟ್, ಅಲ್ಲಿ ಎಕ್ಕ ಒಂದರ ಕೆಲಸ ಮಾಡುತ್ತದೆ. 2ರಿಂದ 5ರವರೆಗಿನ ಪಕ್ಕದೆಲೆಗೆ ಈ ದಾರಿ ಇದೆ. 6ರಿಂದ 9ರವರೆಗಿನ ಎಲೆ ಎಕ್ಕದ ಜೊತೆ ಸೇರಿ ಯಾವ ಸ್ಟ್ರೇಟೂ ಮಾಡಲಾರದು. ಕಿಕ್ಕರ್ ಆಗಿ 7ಕ್ಕೂ 5ಕ್ಕೂ ದೊಡ್ಡ ವ್ಯತ್ಯಾಸ ಇಲ್ಲ, ಎರಡೂ ಸೋಲುವ ಕಿಕ್ಕರ್‌ಗಳೇ. ಎಕ್ಕ-9ರ ಹೊತ್ತಿಗೆ ಮಾತ್ರ ಕಿಕ್ಕರ್‌ಗೆ ಒಂದಿಷ್ಟು ಬಲ ಬರುತ್ತದೆ.

ಮುಂದೆ ಯಾರೋ ರೇಸ್ ಮಾಡಿದ್ದಾರೆ, ನನ್ನದು ಎಕ್ಕ-9. ಕಾಲ್ ಮಾಡಲಾ?

ಮಾಡಬೇಡಿ. ಮೊದಲ ಸೀಟುಗಳಿಂದ ರೇಸ್ ಮಾಡಿದವರ ಹತ್ತಿರ ಇರಬಹುದಾದದ್ದು ಎಕ್ಕ-ರಾಜ, ಎಕ್ಕ-ರಾಣಿ, ಎಕ್ಕ-ಗುಲಾಮ ಅಥವಾ ದೊಡ್ಡ ಜೋಡಿ. ಇವೆಲ್ಲದರ ಎದುರೂ ನೀವು ಹಿಂದೆ. ರಾಜ-ರಾಣಿ ಇದ್ದರೆ ನೀವು ತುಸು ಮುಂದೆ. ಆದರೆ ಆ ಒಂದನ್ನು ನಂಬಿ ಕೂರುವುದು ಸರಿಯಲ್ಲ.

ರೇಸ್ ಮಾಡಿದವರು ಬಟನ್‌ನಲ್ಲಿದ್ದು (ಫ್ಲಾಪ್ ಆದ ಮೇಲೆ ಎಲ್ಲರಿಗಿಂತ ಕೊನೆಗೆ ಆಡುವ ಸೀಟು), ಎಲ್ಲರೂ ಬಿಟ್ಟ ಮೇಲೆ ಬ್ಲೈಂಡ್ ಕದಿಯಲು ಹೊರಟಿದ್ದಾರೆ ಅನ್ನಿಸಿದರೆ ಮಾತು ಬೇರೆ. ಅದನ್ನು ಮುಂದೆ ಹೇಳಿದ್ದೇನೆ.

ಎಲ್ಲರೂ ಎಲೆ ಬಿಟ್ಟು ಬಟನ್‌ನಲ್ಲಿರುವ ನನ್ನವರೆಗೆ ಬಂತು. ಎಕ್ಕ-6 ಇದೆ.

ರೇಸ್ ಮಾಡಿ. ಬರೀ ಕಾಲ್ ಬೇಡ. ಎದುರಿಗಿರುವುದು ಎರಡೇ ಕೈ, ಅವೂ ನೋಡದೆ ದುಡ್ಡು ಹಾಕಿದವು. ಯಾವುದೋ ಎರಡು ಎಲೆಗಳ ಎದುರು ಎಕ್ಕ-7 ಸುಮಾರು 59% ಗೆಲ್ಲುತ್ತದೆ, ಎಕ್ಕ-2 ಕೂಡ 55% ಹತ್ತಿರ ಇರುತ್ತದೆ. ಹತ್ತು ಜನರ ನಡುವೆ ಕಸವಾಗಿದ್ದ ಕೈ ಇಲ್ಲಿ ಟೇಬಲ್‌ನ ಒಳ್ಳೆಯ ಕೈ ಆಗಿಬಿಡುತ್ತದೆ.

ಬ್ಲೈಂಡ್‌ಗಳು ಹೆದರಿ ಓಡುತ್ತವೆ ಅಂತ ಮಾತ್ರ ಎಣಿಸಬೇಡಿ. ನೀವು 8 ಹಾಕಿದ ಮೇಲೆ ಪಾಟ್‌ನಲ್ಲಿ 14 ಇದೆ. ಬಿಗ್ ಬ್ಲೈಂಡ್‌ನವರು ಇನ್ನು 4 ಹಾಕಿದರೆ ಸಾಕು. ಅಷ್ಟು ಅಗ್ಗಕ್ಕೆ ಯಾರೂ ಬಿಡುವುದಿಲ್ಲ. ನೋ-ಲಿಮಿಟ್ ಆಡಿ ಬಂದವರಿಗೆ ಇದು ಅಭ್ಯಾಸವಾಗಲು ಸ್ವಲ್ಪ ಸಮಯ ಬೇಕು. ನೀವು ರೇಸ್ ಮಾಡುತ್ತಿರುವುದು ಕೈ ಚೆನ್ನಾಗಿರುವುದರಿಂದ. ಅವರು ಬಿಟ್ಟರೆ ಅದು ಮೇಲಿನ ಲಾಭ.

ನಾನೇ ಬಿಗ್ ಬ್ಲೈಂಡ್. ಬಟನ್‌ನವರು ರೇಸ್ ಮಾಡಿದ್ದಾರೆ.

ಈಗ ನೀವು ಮೇಜಿನ ಆಚೆ ಬದಿಯಲ್ಲಿದ್ದೀರಿ. 14 ಡಾಲರ್ ಪಾಟ್, ಹಾಕಬೇಕಾದದ್ದು 4. ನೂರರಲ್ಲಿ 22-23 ಪಾಲು ನಿಮ್ಮದಾದರೆ ಸಾಕು. ಬಟನ್‌ನಿಂದ ಅವರು ಏನೇನೋ ಹಿಡಿದು ರೇಸ್ ಮಾಡುತ್ತಿರಬಹುದು, ಹಾಗಾಗಿ ಯಾವ ಎಕ್ಕವನ್ನೂ ಬಿಡಬೇಡಿ. ಎಕ್ಕ-9, ಎಕ್ಕ-8 ಥರದ್ದರಲ್ಲಿ ಮತ್ತೆ ರೇಸ್ ಮಾಡಿದರೂ ತಪ್ಪಿಲ್ಲ.

ಅದೇ ರೇಸ್ ಮೊದಲ ಸೀಟಿನಿಂದ ಬಂದಿದ್ದರೆ, ಆಡುವವರು ಗಟ್ಟಿ ಕೈ ಇಲ್ಲದೆ ಏರಿಸದವರಾಗಿದ್ದರೆ, ಬೇರೆ ಬೇರೆ ಗುರುತಿನ ಎಕ್ಕ-6ನ್ನು ಕೆಳಗಿಡುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಪಾಟ್ ಲೆಕ್ಕ ಕಾಲ್ ಮಾಡು ಅಂತಲೇ ಹೇಳುತ್ತದೆ. ಆದರೆ ಆ ಲೆಕ್ಕ ಮುಂದಿನ ಮೂರು ಸುತ್ತುಗಳಲ್ಲಿ ಹೋಗುವ ದುಡ್ಡನ್ನು ನೋಡುವುದಿಲ್ಲ. ಸೂಟೆಡ್ ಆದರೆ, ನಡುವೆ ಇನ್ನೊಬ್ಬರೋ ಇಬ್ಬರೋ ಕಾಲ್ ಮಾಡಿದ್ದರೆ, ಧಾರಾಳವಾಗಿ ಆಡಿ.

ಸ್ಮಾಲ್ ಬ್ಲೈಂಡ್‌ನಲ್ಲಿ ಕೂತಾಗ ಇನ್ನೂ ಬಿಗಿಯಾಗಿರಬೇಕು. ಫ್ಲಾಪ್ ಆದ ಮೇಲೆ ಪ್ರತಿ ಸುತ್ತಿನಲ್ಲೂ ಎಲ್ಲರಿಗಿಂತ ಮೊದಲು ಮಾತಾಡಬೇಕಾದವರು ನೀವೇ.

ಫ್ಲಾಪ್‌ನಲ್ಲಿ ಎಕ್ಕ ಬಂತು. ಈಗ ಏನು ಮಾಡುವುದು?

ಮೊದಲಿಗೆ, ಇದು ಆಗುವುದು ನೀವು ಅಂದುಕೊಂಡಷ್ಟು ಸಲ ಅಲ್ಲ. ಕೈಯಲ್ಲಿ ಒಂದು ಎಕ್ಕ ಇದ್ದಾಗ ಫ್ಲಾಪ್‌ನಲ್ಲಿ ಇನ್ನೊಂದು ಬರುವುದು ಸುಮಾರು 17% ಸಲ, ಆರು ಸಲಕ್ಕೊಮ್ಮೆ. ಬಂದಾಗ ಹೇಗೆ ಆಡಬೇಕು ಅನ್ನುವುದಕ್ಕೆ ಒಂದು ಕೈಯನ್ನು ಪೂರ್ತಿ ನೋಡೋಣ.

ನೀವು ಬಿಗ್ ಬ್ಲೈಂಡ್. ನಿಮ್ಮದು ಹಾರ್ಟ್ ಎಕ್ಕ, ಕ್ಲಾವರ್ 7. ಮಧ್ಯದ ಸೀಟುಗಳಿಂದ ಇಬ್ಬರು ರೇಸ್ ಮಾಡದೆ ಬರೀ ಕಾಲ್ ಮಾಡಿ ಬಂದರು. ಸ್ಮಾಲ್ ಬ್ಲೈಂಡ್‌ನವರು 2 ಸೇರಿಸಿದರು. ನೀವು ಚೆಕ್ ಮಾಡಿದಿರಿ (ಏನೂ ಸೇರಿಸದೆ ಮುಂದಕ್ಕೆ ಬಿಟ್ಟಿರಿ). ನಾಲ್ಕು ಜನ, ಪಾಟ್ 16.

ಫ್ಲಾಪ್: ಇಸ್ಪೀಟ್ ಎಕ್ಕ, ಡೈಮಂಡ್ 9, ಕ್ಲಾವರ್ 4. ಸ್ಮಾಲ್ ಬ್ಲೈಂಡ್ ಚೆಕ್. ಇಲ್ಲಿ ನೀವು ಬೆಟ್ ಮಾಡಲೇಬೇಕು. ಯಾರೂ ರೇಸ್ ಮಾಡಿಲ್ಲವಾದ್ದರಿಂದ ದೊಡ್ಡ ಎಕ್ಕ ಇರುವ ಸಾಧ್ಯತೆ ಕಡಿಮೆ. 9 ಅಥವಾ 4ರ ಜೋಡಿ ಇರುವವರು ಪುಕ್ಕಟೆ ಎಲೆ ನೋಡಬಾರದು. ನೀವು 4 ಹಾಕಿದಿರಿ. ಮೊದಲನೆಯವರು ಕಾಲ್. ಎರಡನೆಯವರು ರೇಸ್, 8. ಸ್ಮಾಲ್ ಬ್ಲೈಂಡ್ ಎಲೆ ಬಿಟ್ಟರು. ಪಾಟ್‌ನಲ್ಲಿ ಈಗ 32, ನೀವು ಸೇರಿಸಬೇಕಾದದ್ದು 4. ಈ ಬೆಲೆಗೆ ಬಿಡುವ ಮಾತೇ ಇಲ್ಲ. ಮತ್ತೆ ರೇಸ್ ಮಾಡುವುದೂ ಬೇಡ. ಕಾಲ್ ಮಾಡಿದಿರಿ, ಮೊದಲನೆಯವರು ಬಿಟ್ಟರು. ಪಾಟ್ 36, ಉಳಿದದ್ದು ನೀವಿಬ್ಬರೇ.

ಟರ್ನ್‌ನಲ್ಲಿ ಹಾರ್ಟ್ 2. ನೀವು ಚೆಕ್, ಅವರು 8 ಬೆಟ್. ತೀರ್ಮಾನ ಆಗುವುದು ಇಲ್ಲಿ. ರಿವರ್‌ನಲ್ಲೂ ಇನ್ನೊಂದು 8 ಬರುತ್ತದೆ ಅಂದುಕೊಂಡರೆ, ಕೊನೆಯವರೆಗೆ ಹೋಗಲು ನಿಮಗೆ 16 ಡಾಲರ್ ಬೇಕು, ಕೊನೆಯ ಪಾಟ್ 68 ಆಗುತ್ತದೆ. ನೂರರಲ್ಲಿ 24 ಸಲ ಗೆದ್ದರೆ ನಷ್ಟ ಇಲ್ಲ. ನಿಮ್ಮದು ಸೋಲುವ ಕೈ ಅಂತ ಖಾತ್ರಿ ಇದ್ದು, ಬರೀ 7 ಬರಲಿ ಅಂತ ಕಾಯುವುದಾದರೆ ಈ ಬೆಲೆ ಸಾಲುವುದಿಲ್ಲ. ಮೂರೇ ಎಲೆ ಇವೆ, ಒಂದೇ ಸಲ ನೋಡುವ ಅವಕಾಶ, 7%ಗಿಂತ ಜಾಸ್ತಿ ಇಲ್ಲ.

ಹಾಗಾಗಿ ಕೇಳಿಕೊಳ್ಳಬೇಕಾದದ್ದು ಒಂದೇ: ಇವರು ಏನು ಹಿಡಿದರೆ ರೇಸ್ ಮಾಡುತ್ತಾರೆ? ಫ್ಲಾಪ್‌ನಲ್ಲಿ ಮೂರೂ ಬೇರೆ ಗುರುತು, ಫ್ಲಶ್ ಆಸೆಗೆ ಮಾಡಿದ ರೇಸ್ ಅಲ್ಲ. ರಾಜ-9 ಹಿಡಿದು ನಿಮ್ಮನ್ನು ಪರೀಕ್ಷೆ ಮಾಡುವವರಾ? ಎಕ್ಕ-5 ಹಿಡಿದು ಎಕ್ಕ ಸಿಕ್ಕಿತು ಅಂತ ಏರಿಸುವವರಾ? ಹಾಗಿದ್ದರೆ ಎರಡೂ ಸಲ ಕಾಲ್ ಮಾಡಿ, ಎಲೆ ನೋಡಿ. ಸಂಜೆಯಿಂದ ಒಂದೂ ರೇಸ್ ಮಾಡದೆ ಚಹಾ ಕುಡಿಯುತ್ತಾ ಕೂತಿದ್ದವರು ಈಗ ಏರಿಸಿದ್ದಾರಾ? ಎಕ್ಕ-9, ಎಕ್ಕ-4 ಅಥವಾ 4ರ ಮೂರು ಅವರ ಕೈಯಲ್ಲಿದೆ. ಟರ್ನ್‌ನಲ್ಲೇ ಬಿಡಿ. ಫ್ಲಾಪ್‌ನ 4 ಡಾಲರ್ ಕಾಲ್ ಮಾಡಿ, ಬಾಜಿ ಎರಡು ಪಟ್ಟಾಗುವ ಟರ್ನ್‌ನಲ್ಲಿ ಬಿಡುವುದು ಲಿಮಿಟ್‌ನಲ್ಲಿ ಬಹಳ ಉಪಯೋಗಕ್ಕೆ ಬರುವ ನಡೆ.

ಎಕ್ಕ ಬರಲಿಲ್ಲ, ಪಕ್ಕದ ಸಣ್ಣ ಎಲೆಗೇ ಜೋಡಿ ಬಂತು. ಅದಕ್ಕೆ ಬೆಲೆ ಇದೆಯಾ?

ಇದೆ. ಎಷ್ಟೋ ಜನ ಗಮನಿಸದ ಬೆಲೆ. ಎಕ್ಕಕ್ಕೆ ಜೋಡಿ ಬಂದಾಗ ನಿಮ್ಮ ಕಿಕ್ಕರ್ ದುರ್ಬಲ. ಆದರೆ 7ಕ್ಕೆ ಜೋಡಿ ಬಂದಾಗ ನಿಮ್ಮ ಕಿಕ್ಕರ್ ಎಕ್ಕ, ಅದಕ್ಕಿಂತ ದೊಡ್ಡ ಕಿಕ್ಕರ್ ಇಲ್ಲ. ರಾಜ-7, 8-7 ಹಿಡಿದವರೆಲ್ಲ ನಿಮ್ಮ ಹಿಂದೆ.

ಫ್ಲಾಪ್ ರಾಣಿ, 7, 3 ಅಂದುಕೊಳ್ಳಿ. ರಾಣಿಯ ಜೋಡಿ ಹಿಡಿದವರ ಎದುರು ನೀವು ಹಿಂದೆ. ಆದರೂ ಎರಡು 7, ಮೂರು ಎಕ್ಕ, ಒಟ್ಟು ಐದು ಎಲೆ ನಿಮ್ಮನ್ನು ಮುಂದೆ ತರುತ್ತವೆ, ಎದುರಿನವರದು ಎಕ್ಕ-ರಾಣಿ ಆಗಿರದಿದ್ದರೆ. ಐದು ಎಲೆಗೆ ಒಂದಕ್ಕೆ ಎಂಟೂವರೆಯಷ್ಟು ಬೆಲೆ ಬೇಕು. ಐದಾರು ಜನ ಬಂದ ಪಾಟ್‌ನಲ್ಲಿ ಫ್ಲಾಪ್‌ನ ಒಂದು ಬೆಟ್‌ಗೆ ಅದು ಹೆಚ್ಚು ಕಡಿಮೆ ಸಿಕ್ಕೇ ಸಿಗುತ್ತದೆ. ಟರ್ನ್‌ನಲ್ಲಿ ಬೆಟ್ ಎರಡು ಪಟ್ಟಾದಾಗ ಬಹಳ ಸಲ ಸಿಗುವುದಿಲ್ಲ.

ಏನೂ ಬರಲಿಲ್ಲ. ಕೈಯಲ್ಲಿ ಬರೀ ಎಕ್ಕ.

ಹೆಚ್ಚು ಜನ ಇದ್ದರೆ ಬಿಡಿ, ಅಷ್ಟೇ. ಎಕ್ಕಕ್ಕಾಗಲಿ ಪಕ್ಕದೆಲೆಗಾಗಲಿ ಫ್ಲಾಪ್‌ನಲ್ಲಿ ಜೋಡಿ ಆಗುವುದು ಸುಮಾರು 32% ಸಲ. ಉಳಿದ ಮೂರರಲ್ಲೆರಡು ಸಲ ಹೀಗೇ ಆಗುತ್ತದೆ.

ಒಬ್ಬರೇ ಎದುರಿಗಿದ್ದು, ಅವರೂ ಬಟನ್‌ನಿಂದ ರೇಸ್ ಮಾಡಿದವರಾದರೆ, 9-5-2 ಥರದ ಫ್ಲಾಪ್‌ನಲ್ಲಿ ಒಂದು ಕಾಲ್ ಮಾಡುವುದು ತಪ್ಪಲ್ಲ. ಅವರಿಗೂ ಜೋಡಿ ಆಗಿರದ ಸಾಧ್ಯತೆಯೇ ಜಾಸ್ತಿ, ಆಗ ನಿಮ್ಮ ಎಕ್ಕವೇ ಮುಂದೆ. ರಾಜ-ರಾಣಿ-10 ಥರದ ಫ್ಲಾಪ್‌ನಲ್ಲಿ ಇಂಥ ಧೈರ್ಯ ಬೇಡ.

ರಿವರ್‌ನಲ್ಲಿ ಬೆಟ್ ಬಂತು. ಸೋತಿದ್ದೇನೆ ಅನ್ನಿಸುತ್ತಿದೆ. ಆದರೂ ಕಾಲ್ ಮಾಡಬೇಕಾ?

ಪಾಟ್ 56 ಇದ್ದಾಗ 8 ಬೆಟ್ ಬಂತು ಅಂದರೆ 8 ಹಾಕಿ 64 ಗೆಲ್ಲುವ ಅವಕಾಶ. ಒಂಬತ್ತರಲ್ಲಿ ಒಂದು ಸಲ ನಿಮ್ಮ ಕೈ ಸರಿ ಇದ್ದರೂ ಕಾಲ್ ಸರಿ. "ಸೋತಿರಬಹುದು" ಅನ್ನುವ ಅನುಮಾನಕ್ಕೆ ಎಲೆ ಬಿಡುವ ಆಟ ಇದಲ್ಲ. ತಪ್ಪಾಗಿ ಕಾಲ್ ಮಾಡಿದರೆ ಹೋಗುವುದು 8, ತಪ್ಪಾಗಿ ಬಿಟ್ಟರೆ ಹೋಗುವುದು 64.

ಇದಕ್ಕೇ ನಾನು ವೀಕ್ ಏಸ್‌ನ ತೀರ್ಮಾನ ಫ್ಲಾಪ್‌ಗೆ ಮುಂಚೆಯೇ ಆಗಬೇಕು ಅಂತ ಒತ್ತಿ ಒತ್ತಿ ಹೇಳುವುದು. ಒಳಗೆ ಹೋಗಿ ಎಕ್ಕದ ಜೋಡಿ ಮಾಡಿಕೊಂಡ ಮೇಲೆ ಪಾಟ್ ಲೆಕ್ಕವೇ ನಿಮ್ಮನ್ನು ಕೊನೆಯವರೆಗೆ ಎಳೆದುಕೊಂಡು ಹೋಗುತ್ತದೆ, ಎಳೆಯುವುದು ಸರಿಯೂ ಹೌದು. 4 ಡಾಲರ್ ಹಾಕುವ ಮುಂಚೆಯೇ ಬಿಡಬಹುದಾಗಿದ್ದ ಕೈ ಅದು.

ಇಬ್ಬರೇ ಆಡುವಾಗ?

ಎಕ್ಕ ಇದ್ದರೆ ಆಡಿ. ಎದುರಿನ ಒಬ್ಬರ ಹತ್ತಿರ ಎಕ್ಕ ಇರುವ ಸಾಧ್ಯತೆ 12% ಮಾತ್ರ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರ ಜನವರಿಯಲ್ಲಿ ಸೆಫಿಯಸ್ ಅನ್ನುವ ಪ್ರೋಗ್ರಾಂ ಬಗ್ಗೆ ಪ್ರಕಟಿಸಿದರು. ಇಬ್ಬರು ಆಡುವ ಲಿಮಿಟ್ ಹೋಲ್ಡೆಮ್ ಅನ್ನು ಅದು ಹೆಚ್ಚು ಕಡಿಮೆ ಪೂರ್ತಿ ಬಿಡಿಸಿಬಿಟ್ಟಿದೆ. ಜೀವನವಿಡೀ ಅದರ ಎದುರು ಆಡಿದರೂ ನೀವು ಮುಂದಿದ್ದೀರಿ ಅಂತ ಖಾತ್ರಿಯಾಗಿ ಹೇಳಲಾಗದಷ್ಟು ಹತ್ತಿರ. ಬಟನ್‌ನಲ್ಲಿ ಕೂತಾಗ ಅದು ಎಕ್ಕ ಇರುವ ಕೈಯನ್ನು ಬಿಡುವುದಿಲ್ಲ, ಎಕ್ಕ-2 ಕೂಡ. ಆದರೆ ಆ ಆಟದ ಪಾಠವನ್ನು ಹತ್ತು ಜನರ ಟೇಬಲ್‌ಗೆ ಹಾಗೇ ಎತ್ತಿ ತರಬೇಡಿ.

ಲಿಮಿಟ್ ಆಟ ಎಲ್ಲಿ ಉಳಿದಿದೆ?

ಹೋಲ್ಡೆಮ್ ಹುಟ್ಟಿದ್ದು ಟೆಕ್ಸಸ್‌ನ ರಾಬ್‌ಸ್ಟೌನ್‌ನಲ್ಲಿ ಅಂತ ಆ ರಾಜ್ಯದ ಶಾಸನಸಭೆಯೇ 2007ರಲ್ಲಿ ಗುರುತಿಸಿದೆ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1980ರ ದಶಕದ ಕೊನೆಯಲ್ಲಿ. ಅಲ್ಲಿನ ಕಾರ್ಡ್ ರೂಮ್‌ಗಳಲ್ಲಿ ಲಿಮಿಟ್ ಬೇರು ಬಿಟ್ಟಿತು. 2003ರ ನಂತರ ಟಿವಿ ಮತ್ತು ಇಂಟರ್ನೆಟ್‌ನಿಂದ ನೋ-ಲಿಮಿಟ್ ಎಲ್ಲವನ್ನೂ ಆವರಿಸಿತು. ಆದರೂ ಲಾಸ್ ಏಂಜಲಿಸ್ ಸುತ್ತಮುತ್ತ, ಸ್ಯಾನ್ ಹೋಸೆ ಕಡೆ, ಲಾಸ್ ವೇಗಸ್‌ನಲ್ಲಿ ಲಿಮಿಟ್ ಟೇಬಲ್‌ಗಳು ಈಗಲೂ ಸಿಗುತ್ತವೆ. ದೊಡ್ಡ ಮೊತ್ತ ಕಳೆದುಕೊಳ್ಳುವ ಭಯ ಇಲ್ಲದೆ ಆಟದ ಲೆಕ್ಕ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಬೆಂಗಳೂರಿನಲ್ಲಿ ಕೂತು ಆನ್‌ಲೈನ್‌ನಲ್ಲಿ ದುಡ್ಡಿಟ್ಟು ಆಡಬಹುದಾ?

ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾನೂನು ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ, ಅದು ಕೌಶಲದ ಆಟವೋ ಅದೃಷ್ಟದ ಆಟವೋ ಅನ್ನುವ ಭೇದ ಇಲ್ಲದೆ. ಇದಕ್ಕೂ ಮುಂಚೆ ಕರ್ನಾಟಕ ಸರ್ಕಾರ 2021ರಲ್ಲಿ ಇಂಥ ಆಟಗಳನ್ನು ನಿಷೇಧಿಸಲು ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತ್ತು. ಆ ಹಳೆಯ ತೀರ್ಪು ಹಿಡಿದು ಈಗಲೂ ಆಡಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಿದೇಶದ ಆ್ಯಪ್ ಅಂತ ಬರುವ ಲಿಂಕ್‌ಗಳಿಂದಲೂ ದೂರ ಇರಿ.

ಹಾಗಾದರೆ ದುಡ್ಡಿಲ್ಲದೆ ಅಭ್ಯಾಸ ಮಾಡುವುದು ಹೇಗೆ?

ಮನೆಯಲ್ಲಿ ಒಂದು ಕಟ್ಟು ಇಸ್ಪೀಟೆಲೆ ಸಾಕು. ಒಂದು ಎಕ್ಕ, ಒಂದು 6 ತೆಗೆದು ಮುಂದೆ ತೆರೆದಿಡಿ. ಉಳಿದದ್ದನ್ನು ಚೆನ್ನಾಗಿ ಕಲೆಸಿ ಒಂಬತ್ತು ಕೈ ಮಗುಚಿ ಹಂಚಿ. ನಂತರ ಐದು ಎಲೆ ಮಧ್ಯಕ್ಕೆ ಹಾಕಿ. ಈಗ ಒಂದೊಂದೇ ಕೈ ತೆರೆದು ನೋಡಿ: ಎಷ್ಟು ಜನರ ಹತ್ತಿರ ಎಕ್ಕ ಇತ್ತು, ಅದರ ಪಕ್ಕದೆಲೆ ಏನು, ನಿಮ್ಮ 6 ಕೊನೆಯ ಐದರಲ್ಲಿ ಸೇರಿತಾ. ಒಂದು ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗಿ. ಆಮೇಲೆ ಏಳು ಕೈ ತೆಗೆದುಹಾಕಿ, ಎರಡೇ ಕೈ ಹಂಚಿ ಇದನ್ನೇ ಮತ್ತೆ ಮಾಡಿ. ಬಟನ್‌ನಲ್ಲಿ ಕೂತಾಗ ಅದೇ ಎಕ್ಕ-6 ಹೇಗೆ ಬೇರೆ ಕೈ ಆಗುತ್ತದೆ ಅನ್ನುವುದು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ಕಣ್ಣಿಗೇ ಕಾಣುತ್ತದೆ.